ಕುದುರಿ ಜಂತು: ಲದ್ದಿ ನೋಡದೇ ಔಷಧಿ ಹಾಕಿ ಮೂರು ವರ್ಷ ಕಳದೆ

ನಮ್ದು ಹುಮನಾಬಾದ್ ಹತ್ರ, ಮದುವಿ ಮೆರವಣಿಗಿಗಿ ಕುದುರಿ ಕೊಡೋ ಧಂದಾ. ಮೂರು ಅವ, ರಾಣಿ, ಬಾದಲ್, ಮತ್ತ ರಾಣಿದು ಆರು ತಿಂಗಳ ಮರಿ. ಮೊದ್ಲೆಲ್ಲ ನಾ ಮಾಡ್ತಿದ್ದದ್ದು ಏನಂದ್ರ ಎರಡು ತಿಂಗಳಿಗೊಮ್ಮಿ ಐವರ್ಮೆಕ್ಟಿನ್ ಅನ್ನೋ ಜಂತಿನ ಔಷಧಿ ಪೇಸ್ಟ್ ಬಾಯಿಗಿ ಹಿಂಡೋದು, ತೂಕ ಬರೇ ಕಣ್ಣಂದಾಜು. ಆದ್ರೂ ರಾಣಿ ಎಲುಬು ಎಣಿಸಬೋದಿತ್ತು ನೋಡ್ರಿ, ಕಡ್ಲಿ, ತೊಗರಿ ಹೊಟ್ಟು, ಕಣಕಿ ಎಷ್ಟು ಹಾಕಿದ್ರೂ ಮೈ ಹಿಡೀಲಿಲ್ಲ. ಒಬ್ಬ ಗಿರಾಕಿ "ಕಾಕಾ, ಇದಕ್ಕ ತಿನ್ಲಾಕ ಹಾಕಲ್ಲೇನು" ಅಂದೇಬಿಟ್ಟ.

ಬೀದರ್ ವೆಟರ್ನರಿ ಕಾಲೇಜಿಗಿ ಹೋದ್ರ ಡಾಕ್ಟರು ಕುದುರಿಕಿಂತ ಮೊದ್ಲ ಲದ್ದಿ ಕೇಳಿದ್ರು. ಮರುದಿನ ಹೊಸಾ ಲದ್ದಿ, ಒಂದೊಂದರದು ಬ್ಯಾರೆ ಬ್ಯಾರೆ ಚೀಲದಾಗ ಗಾಳಿ ತಗದು ಕಟ್ಟಿ, ತಣ್ಣಗಿಟ್ಟು ಒಯ್ದೆ. ಒಂದು ಗ್ರಾಂ ಲದ್ದಿಯಾಗ ರಾಣಿದು 850 ಜಂತಿನ ತತ್ತಿ, ಬಾದಲ್‌ದು 100! ಒಂದೇ ಜಾಗದಾಗ ಮೇಯೋ ಕುದುರಿ ಇವು. ಕೆಲವು ಕುದುರಿನೇ ಹೆಚ್ಚು ತತ್ತಿ ಚೆಲ್ತಾವಂತ, 200ರ ಒಳಗ ಇದ್ದದ್ದಕ್ಕ ಮ್ಯಾಲಿಂದ ಮ್ಯಾಲ ಔಷಧಿ ಹಾಕೋದು ದಂಡ. ವರ್ಷಕ್ಕ ಒಂದೆರಡು ಸಲ ಮಾತ್ರ ಎಲ್ಲಾಕ್ಕೂ ಬೇಕು, ಯಾಕಂದ್ರ ಕರುಳಿನ ಗೋಡ್ಯಾಗ ಮಲಗಿದ ಮರಿಹುಳ ಲದ್ದಿ ಟೆಸ್ಟಿನ್ಯಾಗ ಕಾಣಲ್ಲ.

ಆಮ್ಯಾಲ ಟೇಪ್ ಹಿಡದು ರಾಣಿ ತೂಕ ತಗದ್ವಿ. ಎದಿ ಸುತ್ತಳತಿ 160 ಸೆಂ.ಮೀ., ಉದ್ದ 150, ಸುತ್ತಳತಿಗಿ ಸುತ್ತಳತಿ ಗುಣಿಸಿ, ಉದ್ದ ಗುಣಿಸಿ, 11,880ರಿಂದ ಭಾಗಿಸಿದ್ರ 323 ಕೆ.ಜಿ. ನಾ 250 ಅಂತ ತಿಳಕೊಂಡಿದ್ದೆ! ಕೆ.ಜಿ.ಗಿ 0.2 ಮಿ.ಗ್ರಾಂ. ಲೆಕ್ಕದಾಗ 65 ಮಿ.ಗ್ರಾಂ. ಬೇಕಾಗಿತ್ತು, ನಾ 50 ಕೊಡ್ತಿದ್ದೆ. ಕಮ್ಮಿ ಕೊಟ್ರ ಗಟ್ಟಿ ಜಂತು ಉಳದು ಅದರದೇ ಸಂತಾನ ಬೆಳೀತದ. ಸರಿ ಡೋಸ್ ಹಾಕಿ 14 ದಿನಕ್ಕ ಮತ್ತ ಲದ್ದಿ ಒಯ್ದೆ, ರಾಣಿದು 50ಕ್ಕ ಇಳದಿತ್ತು.

ಮರಿದು ಬ್ಯಾರೆನೇ ಕಥಿ, ಅದರ ಹೊಟ್ಟ್ಯಾಗ ದುಂಡು ಜಂತು, ಅದಕ್ಕ ಐವರ್ಮೆಕ್ಟಿನ್ ಈಗ ಭಾಳ ಕಡೆ ನಡೀವಲ್ದಂತ, ಫೆನ್‌ಬೆಂಡಜೋಲ್ ಅನ್ನೋ ಬ್ಯಾರೆ ಜಂತಿನ ಔಷಧಿ ಕೊಟ್ರು. ಹೊಟ್ಟಿ ತುಂಬ ಜಂತಿದ್ದು ಎಲ್ಲಾ ಒಮ್ಮಿಗೇ ಸತ್ರ ಕರುಳು ಕಟ್ಟಿ ಮರಿನೇ ಹೋಗ್ಬೋದು, ಹಂಗಾಗಿ ಮರಿಗಿ ಡಾಕ್ಟರನ್ನ ಕೇಳದೇ ಏನೂ ಹಾಕಬ್ಯಾಡ್ರಿ.

ಔಷಧಿಕಿಂತ ಹೆಚ್ಚು ಉಪಯೋಗಕ್ಕ ಬಂದಿದ್ದು ಲದ್ದಿ ಎತ್ತೋ ಬುಟ್ಟಿ. ಮೊದ್ಲ ಹಸಿ ಲದ್ದಿ ಮೇಯೋ ಜಾಗದಾಗೇ ಚೆಲ್ತಿದ್ದೆ, ಬ್ಯಾಸಿಗಿ ಬಿಸಲಿಗಿ ಮರಿಹುಳ ಒಣಗಿ ಸಾಯ್ತಾವ ಖರೆ, ಮಳಿಗಾಲದಾಗ ಅದೇ ಹುಲ್ಲಿಗಿ ಹತ್ತಿ ಮತ್ತ ಹೊಟ್ಟಿಗಿ ಹೋಗ್ತಾವ. ಈಗ ವಾರಕ್ಕ ಎರಡು ಸಲ ಲದ್ದಿ ಎತ್ತಿ ತಿಪ್ಪಿಗಿ ಹಾಕ್ತೀನಿ, ಅದು ಕಾವು ಹಿಡದು ಕೊಳತ ಮ್ಯಾಲನೇ ಹೊಲಕ್ಕ. ಕುದುರಿ ಮೇದ ಜಾಗಕ್ಕ ಎಮ್ಮಿ ಬಿಡ್ತೀನಿ, ಕುದುರಿ ಜಂತು ಹೆಚ್ಚಿನವು ಎಮ್ಮಿ ಹೊಟ್ಟ್ಯಾಗ ಬೆಳಿಯಂಗಿಲ್ಲ.

ಮುಂಗಾಲಿನ ಕೂದಲಿಗಿ ಹಳದಿ ಕಾಳಿನಂಗ ಅಂಟಿರೋದು ಧೂಳಲ್ರಿ, ಬಾಟ್ ನೊಣದ ತತ್ತಿ, ಇದರ ಮರಿಹುಳನೂ ಕುದುರಿ ಹೊಟ್ಟ್ಯಾಗೇ ಬೆಳೀತಾವ. ಅದನ್ನ ಹಳೇ ಬ್ಲೇಡಿನಿಂದ ಕೆರೀತೀನಿ, ರಾಣಿ ಸುಮ್ಮನ ನಿಲ್ತದ, ಬಾದಲ್ ಮಾತ್ರ ಒದೀತದ.