ಒಬ್ಬನೇ ಇದ್ದಾಗ ಪ್ರೊಪ್ರೈಟರ್‌ಶಿಪ್, ಇಬ್ಬರಾದ ಮೇಲೆ ಎಲ್‌ಎಲ್‌ಪಿ: ನಾನು ಹೇಗೆ ಆರಿಸಿಕೊಂಡೆ

ನನ್ನದು ಎಲೆಕ್ಟ್ರಿಕಲ್ ಕಂಟ್ರೋಲ್ ಪ್ಯಾನಲ್ ಮಾಡುವ ಕೆಲಸ. ಸಣ್ಣ ಕಾರ್ಖಾನೆಗಳ ಮೋಟಾರು, ಪಂಪು, ಕನ್ವೇಯರುಗಳಿಗೆ ಪ್ಯಾನಲ್ ಜೋಡಿಸಿ, ವೈರಿಂಗ್ ಮಾಡಿ, ಸೈಟಿಗೆ ಹೋಗಿ ಚಾಲೂ ಮಾಡಿ ಕೊಡುತ್ತೇವೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ವ್ಯಾಪಾರಕ್ಕೆ ಯಾವ ಕಾನೂನು ರೂಪ ಬೇಕು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ನಿಮ್ಮ ಕೆಲಸ ಏನು, ಅದು ಕೆಟ್ಟರೆ ಎಷ್ಟು ನಷ್ಟ ಆಗುತ್ತದೆ, ಆ ನಷ್ಟ ಯಾರ ತಲೆಗೆ ಬರುತ್ತದೆ, ಜೊತೆಗಿರುವವರು ನಾಳೆ ಬಿಟ್ಟು ಹೋದರೆ ಗತಿ ಏನು? ಬಹಳ ಜನ ತೆರಿಗೆಯಿಂದ ಶುರು ಮಾಡುತ್ತಾರೆ. ಇಲ್ಲವೇ ಬೋರ್ಡಿನ ಮೇಲೆ ಪ್ರೈವೇಟ್ ಲಿಮಿಟೆಡ್ ಅಂತ ಇದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಶುರು ಮಾಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ.

ಮೊದಲು ನಾನೊಬ್ಬನೇ ಇದ್ದೆ. ಮಾಡುತ್ತಿದ್ದದ್ದು ಹೆಚ್ಚಾಗಿ ರಿಪೇರಿ, ಮತ್ತೆ ಚಿಕ್ಕ ಸ್ಟಾರ್ಟರ್ ಪ್ಯಾನಲ್. ಆಗ ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬನೇ ಮಾಲೀಕನ ವ್ಯಾಪಾರ, ಅದನ್ನು ಬಿಟ್ಟು ಬೇರೆ ಏನನ್ನೂ ನೋಡುವ ಅಗತ್ಯ ಇರಲಿಲ್ಲ. ಅದಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲ, ಪ್ರತ್ಯೇಕ ಪ್ಯಾನ್ ಕಾರ್ಡ್ ಇಲ್ಲ. ನನ್ನ ಪ್ಯಾನೇ ವ್ಯಾಪಾರದ ಪ್ಯಾನ್. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆಯಲು ಹೋದಾಗ ವ್ಯಾಪಾರದ ಹೆಸರಿನಲ್ಲಿರುವ ಎರಡು ದಾಖಲೆ ಕೇಳಿದರು. ಉದ್ಯಮ್ ಸರ್ಟಿಫಿಕೇಟು (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ ಪತ್ರ) ಮತ್ತು ಜಿಎಸ್‌ಟಿ ಸರ್ಟಿಫಿಕೇಟು ಕೊಟ್ಟೆ. ಉದ್ಯಮ್ ನೋಂದಣಿ ಪೂರ್ತಿ ಉಚಿತ, ಸರ್ಕಾರದ ಪೋರ್ಟಲಿನಲ್ಲಿ ಆಧಾರ್ ನಂಬರ್ ಹಾಕಿ ನಾವೇ ಮಾಡಿಕೊಳ್ಳಬಹುದು. ದುಡ್ಡು ಕೇಳುವ ವೆಬ್‌ಸೈಟ್‌ಗಳ ಕಡೆ ಹೋಗಬೇಡಿ.

ತೆರಿಗೆಯೂ ಆಗ ಹಗುರ. ಸಣ್ಣ ವ್ಯಾಪಾರಕ್ಕೆ ಅಂದಾಜು ಲಾಭದ ಲೆಕ್ಕ ಅಂತ ಒಂದು ಅನುಕೂಲ ಇದೆ. ಬ್ಯಾಂಕ್ ಮೂಲಕ ಬಂದ ವಹಿವಾಟಿನ ಮೇಲೆ ಕನಿಷ್ಠ ಶೇ. 6, ನಗದಾಗಿ ಬಂದದ್ದರ ಮೇಲೆ ಶೇ. 8 ಲಾಭ ಎಂದು ತೋರಿಸಿ ತೆರಿಗೆ ಕಟ್ಟಿದರೆ ಸಾಕು, ಪ್ರತಿ ಖರ್ಚಿನ ರಸೀದಿ ಹಿಡಿದು ಕೂರಬೇಕಾಗಿಲ್ಲ. ವರ್ಷದ ವಹಿವಾಟು 2 ಕೋಟಿಯ ತನಕ ಇದು ಸಿಗುತ್ತದೆ, ನಗದು ಶೇ. 5 ದಾಟದಿದ್ದರೆ 3 ಕೋಟಿಯ ತನಕ. ಈ ಅನುಕೂಲ ಒಬ್ಬ ವ್ಯಕ್ತಿಗೆ ಇದೆ, ಮಾಮೂಲಿ ಪಾಲುದಾರಿಕೆ ಸಂಸ್ಥೆಗೂ ಇದೆ. ಎಲ್‌ಎಲ್‌ಪಿಗೆ (ಲಿಮಿಟೆಡ್ ಲಯಬಿಲಿಟಿ ಪಾರ್ಟ್‌ನರ್‌ಶಿಪ್, ಅಂದರೆ ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ) ಇಲ್ಲ, ಕಂಪನಿಗೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಕೆಲಸದ ಸ್ವರೂಪ ಬದಲಾಯಿತು. ದೊಡ್ಡ ಪ್ಯಾನಲ್‌ಗಳ ಆರ್ಡರ್ ಬರತೊಡಗಿತು. ಒಂದು ಪ್ಯಾನಲ್ ಕೈಕೊಟ್ಟರೆ ಗಿರಾಕಿಯ ಇಡೀ ಲೈನ್ ನಿಲ್ಲುತ್ತದೆ, ಅಥವಾ ಪ್ಯಾನಲಿನ ಬೆಲೆಗಿಂತ ಎಷ್ಟೋ ಪಟ್ಟು ದುಬಾರಿಯ ಮೆಷಿನ್ ಸುಟ್ಟು ಹೋಗುತ್ತದೆ. ಪ್ರೊಪ್ರೈಟರ್‌ಶಿಪ್‌ನಲ್ಲಿ ನಾನು ಬೇರೆ, ವ್ಯಾಪಾರ ಬೇರೆ ಅಲ್ಲ. ವ್ಯಾಪಾರದ ಸಾಲ ನನ್ನ ಸಾಲ. ಗಿರಾಕಿ ಕೋರ್ಟಿಗೆ ಹೋಗಿ ಗೆದ್ದರೆ ನನ್ನ ಮನೆ, ನನ್ನ ಉಳಿತಾಯ ಎಲ್ಲದರ ಮೇಲೂ ವಸೂಲಿ ಬರಬಹುದು. ಅದೇ ಹೊತ್ತಿಗೆ ಹಿಂದಿನ ಕೆಲಸದಲ್ಲಿ ಜೊತೆಗಿದ್ದ ಗೆಳೆಯನೊಬ್ಬ ನನ್ನ ಜೊತೆ ಸೇರಲು ತಯಾರಾದ. ಅವನು ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಚಿಕ್ಕ ಕಂಪ್ಯೂಟರಿನ ಪ್ರೋಗ್ರಾಮಿಂಗ್‌ನಲ್ಲಿ ನನಗಿಂತ ಗಟ್ಟಿ. ಹೀಗೆ ನಾವು ಇಬ್ಬರಾದೆವು. ರೂಪ ಬದಲಿಸಬೇಕು ಎನ್ನುವುದು ಆಗ ಖಾತ್ರಿಯಾಯಿತು.

ಎಲ್ಲರೂ ಮೊದಲು ಹೇಳುವುದು ಪಾಲುದಾರಿಕೆ. ಒಂದು ಡೀಡ್ ಬರೆದು, ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಹಾಕಿದರೆ ಮುಗೀತು ಅನ್ನುತ್ತಾರೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯನ್ನು ನಾನು ಕೂತು ಓದಿದೆ. ದೊಡ್ಡದೇನಲ್ಲ, ಪಾಲುದಾರಿಕೆಗೆ ಹೊರಡುವ ಪ್ರತಿಯೊಬ್ಬರೂ ಒಮ್ಮೆ ಓದಲೇಬೇಕು. ಅದರ ಪ್ರಕಾರ ವ್ಯಾಪಾರದ ಮಟ್ಟಿಗೆ ಪ್ರತಿ ಪಾಲುದಾರನೂ ಉಳಿದವರ ಏಜೆಂಟ್. ನನ್ನ ಗೆಳೆಯ ಸಂಸ್ಥೆಯ ಹೆಸರಿನಲ್ಲಿ ಸಾಲಕ್ಕೆ ಮಾಲು ತಂದರೆ ನಾನೂ ಕೊಡಬೇಕು. ಸೆಕ್ಷನ್ 25ರ ಪ್ರಕಾರ ಈ ಹೊಣೆ ಒಟ್ಟಾಗಿಯೂ ಹೌದು, ಒಬ್ಬೊಬ್ಬರದೂ ಹೌದು. ಅಂದರೆ ಸಾಲ ಕೊಟ್ಟವನು ಇಬ್ಬರಲ್ಲಿ ಯಾರ ಹತ್ತಿರ ಆಸ್ತಿ ಇದೆ ಎಂದು ನೋಡಿ, ಅವನೊಬ್ಬನ ಹತ್ತಿರವೇ ಪೂರ್ತಿ ಹಣ ಕೇಳಬಹುದು. ಲಾಭದ ಪಾಲು ಅರ್ಧ ಇದ್ದರೂ ಹೊರಗಿನವರ ಮುಂದೆ ಹೊಣೆ ಪೂರ್ತಿ. ನಮ್ಮಿಬ್ಬರಲ್ಲಿ ಸ್ವಂತ ಮನೆ ಇದ್ದವನು ನಾನೊಬ್ಬನೇ. ಹಾಗಾಗಿ ಇದು ನನಗೆ ಬರೀ ಕಾಗದದ ಮಾತಾಗಿರಲಿಲ್ಲ.

ಇನ್ನೊಂದು ವಿಷಯ. ಪಾಲುದಾರಿಕೆ ಸಂಸ್ಥೆಯನ್ನು ನೋಂದಣಿ ಮಾಡಿಸುವುದು ಕಡ್ಡಾಯ ಅಲ್ಲ, ಅದಕ್ಕೇ ಎಷ್ಟೋ ಜನ ಮಾಡಿಸುವುದಿಲ್ಲ. ಆದರೆ ಸೆಕ್ಷನ್ 69 ಇದೆ. ನೋಂದಣಿ ಇಲ್ಲದ ಸಂಸ್ಥೆ ತನ್ನ ಒಪ್ಪಂದದ ಹಣ ಕೊಡದ ಗಿರಾಕಿಯ ಮೇಲೆ ದಾವೆ ಹಾಕಲು ಆಗುವುದಿಲ್ಲ. ಗಿರಾಕಿ ಮಾತ್ರ ನಿಮ್ಮ ಮೇಲೆ ಹಾಕಬಹುದು. ನಮ್ಮಂಥ ಕೆಲಸದಲ್ಲಿ ಬಿಲ್ಲು ಬಾಕಿ ಉಳಿಯುವುದು ದಿನನಿತ್ಯದ ಮಾತು. ಹಾಗಿರುವಾಗ ಆ ಹಕ್ಕನ್ನು ಸುಮ್ನೆ ಬಿಟ್ಟುಕೊಡುವುದು ಯಾಕೆ? ನೀವು ಪಾಲುದಾರಿಕೆಯನ್ನೇ ಆರಿಸಿದರೆ ದಯವಿಟ್ಟು ನೋಂದಣಿ ಮಾಡಿಸಿ.

ಕಂಪನಿಯ ವಿಷಯಕ್ಕೆ ಬರುತ್ತೇನೆ. ಕಂಪನಿ ತನ್ನದೇ ಆದ ಕಾನೂನು ವ್ಯಕ್ತಿ, ಅಂದರೆ ಕಾನೂನಿನ ಕಣ್ಣಿಗೆ ಅದು ಬೇರೆ, ಅದರ ಮಾಲೀಕರು ಬೇರೆ. 1897ರಲ್ಲಿ ಇಂಗ್ಲೆಂಡಿನ ಸಾಲೊಮನ್ ಪ್ರಕರಣದಲ್ಲಿ ಗಟ್ಟಿಯಾದ ಈ ತತ್ವವೇ ನಮ್ಮ 2013ರ ಕಂಪನಿ ಕಾಯ್ದೆಯ ಬುಡದಲ್ಲೂ ಇದೆ. ಷೇರಿಗೆ ಹಾಕಿದ ದುಡ್ಡು ಹೋಗಬಹುದು, ಅದಕ್ಕಿಂತ ಹೆಚ್ಚು ಸಾಮಾನ್ಯವಾಗಿ ಹೋಗುವುದಿಲ್ಲ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಆ ಇಬ್ಬರೇ ಎರಡೂ ಆಗಬಹುದು. ಮೊದಲು 1 ಲಕ್ಷ ಬಂಡವಾಳ ಇರಲೇಬೇಕು ಅಂತಿತ್ತು, 2015ರಲ್ಲಿ ಅದನ್ನು ತೆಗೆದರು. ಒಬ್ಬನೇ ಇದ್ದವನಿಗೆ ಒಪಿಸಿ, ಅಂದರೆ ಒಬ್ಬ ವ್ಯಕ್ತಿಯ ಕಂಪನಿಯೂ ಇದೆ.

ಹಾಗಾದರೆ ನಾವು ಯಾಕೆ ಕಂಪನಿ ಮಾಡಲಿಲ್ಲ? ನಮ್ಮ ಆಡಿಟರ್ ಬಿಡಿಸಿ ಹೇಳಿದರು. "ನೋಡಿ, ನೀವು ಹೊರಗಿನ ಹೂಡಿಕೆ ತರುತ್ತೀರಾ? ಕೆಲಸದವರಿಗೆ ಷೇರು ಕೊಡುತ್ತೀರಾ? ಎರಡೂ ಇಲ್ಲ ಅಂದರೆ ಈ ಭಾರ ಯಾಕೆ ಹೊರುತ್ತೀರಿ?" ಕಂಪನಿಗೆ ವಹಿವಾಟು ಎಷ್ಟೇ ಚಿಕ್ಕದಾಗಿರಲಿ, ಆಡಿಟ್ ಕಡ್ಡಾಯ. ಬೋರ್ಡ್ ಮೀಟಿಂಗ್, ಅದರ ನಡಾವಳಿ, ವಾರ್ಷಿಕ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಎಲ್ಲ ಇವೆ. ಲೆಕ್ಕಪತ್ರದ ಎಒಸಿ-4, ವಾರ್ಷಿಕ ರಿಟರ್ನಿನ ಎಂಜಿಟಿ-7 ಫಾರಂಗಳನ್ನು ತಡವಾಗಿ ಹಾಕಿದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ, ಅದಕ್ಕೆ ಮೇಲ್ಮಿತಿಯೂ ಇಲ್ಲ. ಕೆಲಸ ನಿಂತು ಹೋದ ಮೇಲೂ ಕಂಪನಿಯನ್ನು ಮುಚ್ಚದೆ ಹಾಗೇ ಬಿಟ್ಟವರಿಗೆ ಈ ಲೆಕ್ಕ ಬೆಳೆಯುತ್ತಲೇ ಹೋಗುತ್ತದೆ. ಜೊತೆಗೆ ಕಂಪನಿಯ ದುಡ್ಡು ನಮ್ಮ ದುಡ್ಡಲ್ಲ. ಸಂಬಳವಾಗಿ ತಗೊಳ್ಳಬೇಕು, ಇಲ್ಲವೇ ಡಿವಿಡೆಂಡ್ ಆಗಿ. ನಡುವೆ ಮನೆ ಖರ್ಚಿಗೆ ಬೇಕು ಅಂತ ಎತ್ತಿಕೊಳ್ಳುವ ಹಾಗಿಲ್ಲ.

ಕಂಪನಿಗೆ ತೆರಿಗೆ ಕಡಿಮೆ ಎಂದು ಕೆಲವರು ಹೇಳಿದರು. ಕೆಲವು ವಿನಾಯಿತಿ ಬಿಟ್ಟುಕೊಟ್ಟರೆ ಶೇ. 22ರ ದರ ಸಿಗುತ್ತದೆ, ಸರ್ಚಾರ್ಜು ಸೆಸ್ ಸೇರಿ ಶೇ. 25ರ ಆಸುಪಾಸು. ಎಲ್‌ಎಲ್‌ಪಿಗೆ ಶೇ. 30, ಮೇಲೆ ಸೆಸ್. ಕೇಳಿದರೆ ಕಂಪನಿಯೇ ವಾಸಿ ಅನ್ನಿಸುತ್ತದೆ ಅಲ್ವಾ? ಆದರೆ ಕಂಪನಿ ತೆರಿಗೆ ಕಟ್ಟಿ ಉಳಿದದ್ದನ್ನು ಡಿವಿಡೆಂಡ್ ಕೊಟ್ಟರೆ ಅದರ ಮೇಲೆ ನಾವು ಮತ್ತೆ ತೆರಿಗೆ ಕಟ್ಟಬೇಕು. ಎಲ್‌ಎಲ್‌ಪಿಯಲ್ಲಿ ಲಾಭದ ಪಾಲು ಪಾಲುದಾರನ ಕೈಗೆ ಬಂದ ಮೇಲೆ ಮತ್ತೆ ತೆರಿಗೆ ಇಲ್ಲ. ಲಾಭವನ್ನು ಒಳಗೇ ಇಟ್ಟು ಬೆಳೆಸುವವರಿಗೆ ಕಂಪನಿ ಲಾಭ. ನಾವು ವರ್ಷದ ಗಳಿಕೆಯಲ್ಲೇ ಮನೆ ನಡೆಸುವವರು, ನಮಗೆ ಹೊಂದುವುದು ಎಲ್‌ಎಲ್‌ಪಿ.

2008ರ ಎಲ್‌ಎಲ್‌ಪಿ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಒಂದಿದೆ: ಪಾಲುದಾರ ಎಲ್‌ಎಲ್‌ಪಿಯ ಏಜೆಂಟೇ ಹೊರತು ಇತರ ಪಾಲುದಾರರ ಏಜೆಂಟ್ ಅಲ್ಲ. 1932ರ ಕಾಯ್ದೆಗೂ ಇದಕ್ಕೂ ನಮ್ಮ ಮಟ್ಟಿಗೆ ಇದ್ದ ದೊಡ್ಡ ವ್ಯತ್ಯಾಸ ಇದೇ. ಗೆಳೆಯ ಪ್ರೋಗ್ರಾಮ್ ತಪ್ಪಿ ಬರೆದು ಮೆಷಿನ್ ಹಾಳಾದರೆ ಎಲ್‌ಎಲ್‌ಪಿ ಹೊಣೆ, ಅವನೂ ಹೊಣೆಯಾಗಬಹುದು, ಆದರೆ ಬರೀ ಪಾಲುದಾರ ಎಂಬ ಕಾರಣಕ್ಕೆ ನನ್ನ ಮನೆಗೆ ಬರುವ ಹಾಗಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಅವರವರು ಮಾಡಿದ ತಪ್ಪಿಗೆ ಅವರವರ ವೈಯಕ್ತಿಕ ಹೊಣೆ ಎಲ್‌ಎಲ್‌ಪಿಯಲ್ಲೂ ಉಳಿಯುತ್ತದೆ, ಕಾಯ್ದೆಯ ಸೆಕ್ಷನ್ 28 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನನ್ನ ಕೈಯಿಂದಲೇ ವೈರಿಂಗ್ ತಪ್ಪಾದರೆ ಎಲ್‌ಎಲ್‌ಪಿ ಎಂಬ ಹೆಸರು ನನ್ನನ್ನು ಪೂರ್ತಿ ಕಾಪಾಡುವುದಿಲ್ಲ. ಅದಕ್ಕೇ ಲಯಬಿಲಿಟಿ ಇನ್ಶೂರೆನ್ಸ್ ಮಾಡಿಸಿದೆವು. ಕೈಯಿಂದ ಕೆಲಸ ಮಾಡುವ ಯಾರೇ ಆದರೂ ರೂಪದ ಜೊತೆಗೆ ವಿಮೆಯನ್ನೂ ಯೋಚಿಸಬೇಕು.

ಬ್ಯಾಂಕಿನ ಮುಂದೆ ಕೂಡ ಈ ರಕ್ಷಣೆ ಅಷ್ಟು ನಡೆಯುವುದಿಲ್ಲ. ಓವರ್‌ಡ್ರಾಫ್ಟ್ ಕೇಳಿದಾಗ ಇಬ್ಬರಿಂದಲೂ ವೈಯಕ್ತಿಕ ಜಾಮೀನು ಬರೆಸಿಕೊಂಡರು. ಆ ಸಾಲದ ಮಟ್ಟಿಗೆ ಸೀಮಿತ ಹೊಣೆ ಅನ್ನುವುದು ಅಲ್ಲಿಗೆ ಮುಗಿಯಿತು. ಕಂಪನಿ ಮಾಡಿದ್ದರೂ ಇದೇ ಆಗುತ್ತಿತ್ತು. ಮಾಲು ಕೊಡುವವರು ಮತ್ತು ಗಿರಾಕಿಗಳ ವಿಷಯದಲ್ಲಿ ರಕ್ಷಣೆ ಉಳಿದಿದೆ, ನಮಗೆ ಬೇಕಾಗಿದ್ದದ್ದೂ ಅದೇ.

ನೋಂದಣಿಯ ಕೆಲಸ ದೊಡ್ಡದಲ್ಲ. ಇಬ್ಬರಿಗೂ ಡಿಜಿಟಲ್ ಸಹಿ, ಹೆಸರಿಗೆ ಒಪ್ಪಿಗೆ, ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ಪೋರ್ಟಲಿನಲ್ಲಿ ಅರ್ಜಿ. ಅದಾದ ಮೇಲೆ 30 ದಿನದೊಳಗೆ ಎಲ್‌ಎಲ್‌ಪಿ ಒಪ್ಪಂದವನ್ನು ಫಾರಂ 3ರಲ್ಲಿ ಸಲ್ಲಿಸಬೇಕು. ಆ ಒಪ್ಪಂದಕ್ಕೆ ನಾವು ಬಹಳ ಸಮಯ ಕೊಟ್ಟೆವು, ಯಾಕೆಂದರೆ ಒಪ್ಪಂದದಲ್ಲಿ ಏನೂ ಬರೆಯದಿದ್ದರೆ ಕಾಯ್ದೆಯ ಮೊದಲನೇ ಅನುಸೂಚಿ ತಾನಾಗಿ ಲಾಗೂ ಆಗುತ್ತದೆ. ಅದರಲ್ಲಿ ಲಾಭ ಸಮಪಾಲು, ಕೆಲಸ ಮಾಡಿದ್ದಕ್ಕೆ ಸಂಬಳ ಇಲ್ಲ. ಗೆಳೆಯ "ನಮ್ಮಿಬ್ಬರ ಮಧ್ಯೆ ಇಷ್ಟೆಲ್ಲ ಕಾಗದ ಬೇಕಾ?" ಅಂದ. ನಾನು "ನಾವಿಬ್ಬರೇ ಇರೋ ತನಕ ಬೇಡ, ನಮ್ಮಲ್ಲಿ ಒಬ್ಬ ಇಲ್ಲದಾಗ ಬೇಕು, ಆಗ ಮಾತಾಡೋದು ನಿನ್ನ ಹೆಂಡತಿ ನನ್ನ ಹತ್ತಿರ ಅಥವಾ ನನ್ನ ಹೆಂಡತಿ ನಿನ್ನ ಹತ್ತಿರ" ಅಂದೆ. ಅವನಿಗೂ ಅದು ಸರಿ ಅನ್ನಿಸಿತು.

ಬರೆದದ್ದು ಹೀಗೆ. ಒಂದು ಮಿತಿಗಿಂತ ದೊಡ್ಡ ಖರೀದಿ, ಯಾವುದೇ ಸಾಲ, ಯಾರಿಗೇ ಜಾಮೀನು, ಇವಕ್ಕೆ ಇಬ್ಬರ ಸಹಿಯೂ ಬೇಕು. ಬಿಟ್ಟು ಹೋಗುವವನು ಮೊದಲೇ ತಿಳಿಸಬೇಕು. ಒಪ್ಪಂದ ಸುಮ್ಮನಿದ್ದರೆ ಕಾಯ್ದೆ 30 ದಿನ ಅನ್ನುತ್ತದೆ, ನಾವು 6 ತಿಂಗಳು ಎಂದು ಇಟ್ಟುಕೊಂಡೆವು, ನಡುವೆ ಇರುವ ಆರ್ಡರ್‌ಗಳನ್ನು ಮುಗಿಸಲು ಅಷ್ಟು ಬೇಕೇ ಬೇಕು. ಹೋಗುವವನಿಗೆ ಅವನ ಬಂಡವಾಳ, ಕೂಡಿಟ್ಟ ಲಾಭದಲ್ಲಿ ಅವನ ಪಾಲು, ಅದರ ಮೇಲೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಆಧಾರದಲ್ಲಿ ಒಂದು ಮೊತ್ತ. ಎಲ್ಲವೂ ಕಂತಿನಲ್ಲಿ, ಯಾಕೆಂದರೆ ಒಂದೇ ಸಲ ಕೊಡಬೇಕು ಅಂದರೆ ಉಳಿದವನು ವ್ಯಾಪಾರ ಮುಚ್ಚಬೇಕಾಗುತ್ತದೆ. ಒಬ್ಬ ತೀರಿಕೊಂಡರೆ ಮನೆಯವರಿಗೆ ಹಣ ಸಿಗುತ್ತದೆ, ಪಾಲುದಾರನ ಸ್ಥಾನ ಉಳಿದವನು ಒಪ್ಪಿದರೆ ಮಾತ್ರ. ಆದರೆ ಉಳಿದವನು ಹೊಸಬರನ್ನು ಬೇಗ ಸೇರಿಸಿಕೊಳ್ಳಬೇಕು. ಒಬ್ಬನೇ ಆಗಿದ್ದೇನೆ ಎಂದು ಗೊತ್ತಿದ್ದೂ 6 ತಿಂಗಳು ದಾಟಿ ವ್ಯಾಪಾರ ನಡೆಸಿದರೆ, ಅಲ್ಲಿಂದ ಮುಂದಿನ ಹೊಣೆ ಅವನ ವೈಯಕ್ತಿಕ ಹೊಣೆಯಾಗುತ್ತದೆ.

ಪಾಲುದಾರರ ಸಂಬಳವನ್ನೂ ಒಪ್ಪಂದದಲ್ಲೇ ಬರೆಸಿ. ಬರೆದಿದ್ದರೆ ಮಾತ್ರ ಅದನ್ನು ಮಿತಿಯೊಳಗೆ ಖರ್ಚು ಎಂದು ಕಳೆಯಬಹುದು. ಲಾಭದ ಮೊದಲ 6 ಲಕ್ಷಕ್ಕೆ 3 ಲಕ್ಷ ಅಥವಾ ಶೇ. 90, ಯಾವುದು ಜಾಸ್ತಿಯೋ ಅದು, ಆಮೇಲಿನ ಲಾಭಕ್ಕೆ ಶೇ. 60. ಶೇ. 30 ತೆರಿಗೆ ಬೀಳುವುದು ಇದೆಲ್ಲ ಕಳೆದ ಮೇಲೆ ಉಳಿದ ಮೊತ್ತಕ್ಕೆ. 2025ರ ಏಪ್ರಿಲ್ 1ರಿಂದ ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 20,000 ದಾಟಿದರೆ ಶೇ. 10 ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿಯಬೇಕು, ಅದನ್ನು ಮರೆಯಬೇಡಿ. ಅಂದಾಜು ಲಾಭದ ಅನುಕೂಲ ಹೋಯಿತು ಎಂದು ನನಗೂ ಬೇಸರ ಇತ್ತು. ಆದರೆ ನಮ್ಮ ಸಾಮಾನಿನ ಖರ್ಚು ಜಾಸ್ತಿ, ನಿಜವಾದ ಲೆಕ್ಕ ಇಡುವುದರಿಂದ ಯಾವ ಕೆಲಸದಲ್ಲಿ ದುಡ್ಡು ಉಳಿಯುತ್ತಿದೆ ಅನ್ನುವುದಾದರೂ ಗೊತ್ತಾಗುತ್ತದೆ.

ಹಳೆಯ ಪ್ರೊಪ್ರೈಟರ್‌ಶಿಪ್ ತಾನಾಗಿ ಎಲ್‌ಎಲ್‌ಪಿ ಆಗುವುದಿಲ್ಲ. ನೋಂದಾಯಿತ ಪಾಲುದಾರಿಕೆ ಸಂಸ್ಥೆಗೆ ಆ ದಾರಿ ಕಾಯ್ದೆಯಲ್ಲೇ ಇದೆ, ಒಬ್ಬನ ವ್ಯಾಪಾರಕ್ಕೆ ಇಲ್ಲ. ಹೊಸ ಪ್ಯಾನ್, ಹೊಸ ಜಿಎಸ್‌ಟಿ, ಹೊಸ ಬ್ಯಾಂಕ್ ಖಾತೆ. ಏಪ್ರಿಲ್ 1ಕ್ಕೆ ಬದಲಾವಣೆ ಇಟ್ಟುಕೊಂಡೆವು, ಒಂದು ವರ್ಷದ ಲೆಕ್ಕ ಪೂರ್ತಿ ಹಳೆಯದರಲ್ಲಿ, ಮುಂದಿನದು ಪೂರ್ತಿ ಹೊಸದರಲ್ಲಿ. ಹಳೆ ಖಾತೆಯಲ್ಲಿ ಉಳಿದ ಜಿಎಸ್‌ಟಿ ಕ್ರೆಡಿಟ್ಟನ್ನು (ಖರೀದಿಯ ಮೇಲೆ ಕಟ್ಟಿದ ತೆರಿಗೆಯಲ್ಲಿ ಇನ್ನೂ ಬಳಸದೆ ಉಳಿದದ್ದು) ಐಟಿಸಿ-02 ಫಾರಂ ಮೂಲಕ ವರ್ಗ ಮಾಡಿಸಿಕೊಂಡೆವು. ಅದಕ್ಕೆ ವ್ಯಾಪಾರವನ್ನು ಹೊಣೆಗಳ ಸಮೇತ ವರ್ಗಾಯಿಸಿದ ಕಾಗದ ಮತ್ತು ಚಾರ್ಟರ್ಡ್ ಅಕೌಂಟೆಂಟರ ಸರ್ಟಿಫಿಕೇಟು ಬೇಕು. ನಿಜವಾಗಿ ಜೀವ ತಿಂದದ್ದು ಗಿರಾಕಿಗಳ ಕಡೆಯ ಕೆಲಸ. ಪ್ರತಿಯೊಬ್ಬರಲ್ಲೂ ವೆಂಡರ್ ಕೋಡ್ (ಅವರ ಲೆಕ್ಕದಲ್ಲಿ ನಮ್ಮ ಗುರುತಿನ ನಂಬರು) ಬದಲಾಗಬೇಕು, ಹಳೆ ಪರ್ಚೇಸ್ ಆರ್ಡರ್ ರದ್ದಾಗಿ ಹೊಸದು ಬರಬೇಕು, ಅಲ್ಲಿಯ ತನಕ ಬಿಲ್ ಪಾಸ್ ಆಗುವುದಿಲ್ಲ. ಈ ಹೊತ್ತಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಂಡಿರಿ. ಮತ್ತೆ, ಪ್ರೊಪ್ರೈಟರ್‌ಶಿಪ್ ಕಾಲದಲ್ಲಿ ಕೊಟ್ಟ ಪ್ಯಾನಲ್‌ಗಳ ಹೊಣೆ ಇವತ್ತಿಗೂ ನನ್ನ ಮೇಲೇ ಇದೆ. ರೂಪ ಬದಲಿಸಿದರೆ ಹಿಂದಿನದು ಅಳಿಸಿ ಹೋಗುವುದಿಲ್ಲ.

ಈಗ ನಮ್ಮ ಕ್ಯಾಲೆಂಡರಿನಲ್ಲಿ ಎರಡು ದಿನಾಂಕ ಕೆಂಪಾಗಿವೆ: ವಾರ್ಷಿಕ ರಿಟರ್ನ್ ಫಾರಂ 11ಕ್ಕೆ ಮೇ 30, ಲೆಕ್ಕಪತ್ರದ ಫಾರಂ 8ಕ್ಕೆ ಅಕ್ಟೋಬರ್ 30. ವಹಿವಾಟು 40 ಲಕ್ಷ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ದಾಟಿದರೆ ಎಲ್‌ಎಲ್‌ಪಿಗೂ ಆಡಿಟ್ ಬೇಕು, ನಮಗೆ ಬೇಕಾಗಿದೆ. ನಮ್ಮ ಹತ್ತಿರ ಇರುವ ಒಬ್ಬ ಹುಡುಗ ಡಿಸೈನ್‌ನಲ್ಲಿ ತುಂಬಾ ಚುರುಕು, ಅವನಿಗೂ ಪಾಲು ಕೊಡಬೇಕು ಎಂದು ಮಾತಾಡುತ್ತಿದ್ದೇವೆ. ಅವನ ಹತ್ತಿರ ಹಾಕಲು ದುಡ್ಡಿಲ್ಲ, ಆದರೆ ಎಲ್‌ಎಲ್‌ಪಿಯಲ್ಲಿ ಮಾಡಿದ ಅಥವಾ ಮುಂದೆ ಮಾಡುವ ಕೆಲಸದ ಒಪ್ಪಂದವನ್ನೇ ಬಂಡವಾಳ ಎಂದು ಲೆಕ್ಕಕ್ಕೆ ಹಿಡಿಯಬಹುದು. ಅವನೊಬ್ಬನೇ ಆದರೆ ಇದೇ ರೂಪದಲ್ಲಿ ಸೇರಿಸಿಕೊಳ್ಳುತ್ತೇವೆ. ಹಾಗೆ ಪಾಲು ಕೊಡಬೇಕಾದವರು ನಾಲ್ಕೈದು ಜನ ಆದರೆ ಷೇರು ಹಂಚುವುದೇ ಸುಲಭ, ಆಗ ಎಲ್‌ಎಲ್‌ಪಿಯನ್ನು ಕಂಪನಿ ಮಾಡಿಕೊಳ್ಳಲು ಕಾನೂನಿನಲ್ಲಿ ದಾರಿ ಇದೆ.