ಹಲ್ಲಿ ಮರಿಗೆ ಎಷ್ಟು ದೊಡ್ಡ ಗೂಡು ಬೇಕು?

ಸಾಕುವ ಹಲ್ಲಿಗೆ ಗೂಡು ಕೊಳ್ಳುವಾಗ ಎದುರಿಗಿರುವ ಮರಿಯನ್ನಷ್ಟೇ ನೋಡಿದರೆ ಅಳತೆ ತಪ್ಪುತ್ತದೆ. ಮೊಟ್ಟೆಯೊಡೆದು ಬಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಯ ಮರಿ ಸುಮಾರು 10 ಸೆಂ.ಮೀ. ಇರುತ್ತದೆ, ಲೆಪರ್ಡ್ ಗೆಕ್ಕೊ ಮರಿ ಇನ್ನೂ ಸ್ವಲ್ಪ ಚಿಕ್ಕದು. ಎರಡೂ ಅಂಗೈ ಮೇಲೆ ಆರಾಮಾಗಿ ಕೂರುತ್ತವೆ. ಬೆಳೆದ ಮೇಲೆ ಗೆಕ್ಕೊ 20–25 ಸೆಂ.ಮೀ. ಆಸುಪಾಸಿಗೆ ನಿಲ್ಲುತ್ತದೆ, ಡ್ರ್ಯಾಗನ್ 45–60 ಸೆಂ.ಮೀ. ಮುಟ್ಟುತ್ತದೆ.

ಲೆಪರ್ಡ್ ಗೆಕ್ಕೊ ಮರಿಗೆ ಮೊದಲ ಕೆಲವು ತಿಂಗಳು 50–60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಸಾಕು, ದೊಡ್ಡದಾದಾಗ 90×45×45 ಸೆಂ.ಮೀ. (ಉದ್ದ×ಅಗಲ×ಎತ್ತರ) ಕೊಡಿ. ಡ್ರ್ಯಾಗನ್ ಮರಿಯನ್ನು 75–90 ಸೆಂ.ಮೀ. ಉದ್ದದ್ದರಲ್ಲಿ ಶುರು ಮಾಡಬಹುದು. ಆದರೆ ಐದಾರು ತಿಂಗಳಲ್ಲೇ ಅದು ಸಾಲದಾಗುತ್ತದೆ, ಆಮೇಲೆ 120×60×60 ಬೇಕೇ ಬೇಕು. ಹಾಗಾಗಿ ಡ್ರ್ಯಾಗನ್ ಸಾಕುವವರು ಮೊದಲೇ ದೊಡ್ಡದನ್ನು ಕೊಂಡು, ಮರಿಗೆ ಬೇಕಾದಷ್ಟು ಜಾಗ ಮಾತ್ರ ಉಳಿಯುವಂತೆ ಅಡ್ಡ ಹಲಗೆ ಹಾಕಿಕೊಳ್ಳುವುದೇ ಒಳ್ಳೆಯದು, ಇಲ್ಲದಿದ್ದರೆ ಎರಡು ಸಲ ಖರ್ಚು. ಮರ ಹತ್ತುವ ಕ್ರೆಸ್ಟೆಡ್ ಗೆಕ್ಕೊಗೆ ಲೆಕ್ಕವೇ ಬೇರೆ, ಅದಕ್ಕೆ ಎತ್ತರ ಮುಖ್ಯ: ಮರಿಗೆ 30×30×45, ಬೆಳೆದದ್ದಕ್ಕೆ 45×45×60.

ತೀರಾ ಚಿಕ್ಕ ಗೂಡಿನ ತೊಂದರೆ ಬರೀ ಇಕ್ಕಟ್ಟಲ್ಲ, ಶಾಖ. ಹಲ್ಲಿ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಬಿಸಿ ಜಾಗಕ್ಕೂ ತಂಪು ಜಾಗಕ್ಕೂ ಓಡಾಡಿ ಸರಿದೂಗಿಸಿಕೊಳ್ಳುತ್ತದೆ. ಗೂಡಿನ ಉದ್ದ ಕಡಿಮೆಯಾದರೆ ಒಂದೇ ಬಲ್ಬು ಇಡೀ ಗೂಡನ್ನು ಕಾಯಿಸಿಬಿಡುತ್ತದೆ, ಮರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಮರಿ ತರುವ ಹಿಂದಿನ ದಿನವೇ ದೀಪ ಹಚ್ಚಿ, ಎರಡೂ ತುದಿಗೆ ಪ್ರೋಬ್ (ತಂತಿಯ ತುದಿಯ ಸಂವೇದಕ) ಇರುವ ಥರ್ಮಾಮೀಟರ್ ಇಟ್ಟು ನೋಡಿ. ಡ್ರ್ಯಾಗನ್‌ಗೆ ದೀಪದಡಿ ಮೈ ಕಾಯಿಸಿಕೊಳ್ಳುವ ಕಲ್ಲಿನ ಮೇಲೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ತುದಿಯಲ್ಲಿ 25–28 ಇರಬೇಕು. ಲೆಪರ್ಡ್ ಗೆಕ್ಕೊಗೆ ಬೆಚ್ಚನೆಯ ನೆಲ 32–34, ತಂಪು ತುದಿ 24–26. ತಂಪು ತುದಿ ಇಳಿಯುತ್ತಿಲ್ಲವಾದರೆ ಮೊದಲು ಕಡಿಮೆ ವ್ಯಾಟ್‌ನ ಬಲ್ಬು ಹಾಕಿ ನೋಡಿ. ಆಗ ಬಿಸಿ ಕಲ್ಲೂ ತಣ್ಣಗಾಗಿಬಿಟ್ಟರೆ ಗೂಡಿನ ಉದ್ದವೇ ಸಾಲದು ಎಂದರ್ಥ.

ದೊಡ್ಡ ಗೂಡಿನಲ್ಲಿ ಮರಿ ಸೊರಗುತ್ತದೆ ಎಂಬ ಮಾತಿದೆ. ಸೊರಗಿಸುವುದು ಗಾತ್ರವಲ್ಲ, ಖಾಲಿ ಜಾಗ. ಬಟಾಬಯಲಲ್ಲಿ ಬಿಟ್ಟ ಮರಿ ಮೂಲೆಗೆ ಹೊಟ್ಟೆ ಒತ್ತಿಕೊಂಡು ಕೂತುಬಿಡುತ್ತದೆ. ಅಷ್ಟರಲ್ಲಿ ಊಟಕ್ಕೆ ಬಿಟ್ಟ ಕ್ರಿಕೆಟ್ ಹುಳುಗಳು ತೊಗಟೆಯ ಹಿಂದೆ ನುಸುಳುತ್ತವೆ, ರಾತ್ರಿ ಹೊರಬಂದು ಮಲಗಿದ ಮರಿಯ ಬೆರಳು, ಬಾಲ ಕಚ್ಚುತ್ತವೆ. ಆದ್ದರಿಂದ ಬಿಸಿ ತುದಿಗೊಂದು, ತಂಪು ತುದಿಗೊಂದು ಅಡಗುತಾಣ ಇಡಿ. ಲೆಪರ್ಡ್ ಗೆಕ್ಕೊ ಆದರೆ ಒದ್ದೆ ಪಾಚಿ (ಮಾಸ್) ತುಂಬಿದ ಮೂರನೆಯದೂ ಬೇಕು, ಪೊರೆ ಸಲೀಸಾಗಿ ಕಳಚಲು. ಅಡಗುತಾಣ ಒಳಗೆ ಹೊಕ್ಕಾಗ ಮರಿಯ ಮೈ ಗೋಡೆಗಳಿಗೆ ತಾಗುವಷ್ಟು ಕಿರಿದಾಗಿದ್ದರೆ ಅದಕ್ಕೆ ಧೈರ್ಯ. ನಡುವಿನ ಬಯಲನ್ನು ಕೊಂಬೆ, ಎಲೆಗಳಿಂದ ಮುಚ್ಚಿ. ಹುಳುಗಳನ್ನು ನುಣುಪು ಅಂಚಿನ ಬಟ್ಟಲಲ್ಲಿ ಹಾಕಿ, ಮಿಕ್ಕಿದ್ದನ್ನು ಅರ್ಧ ಗಂಟೆಯೊಳಗೆ ತೆಗೆದುಬಿಡಿ. ಮೊದಲ ಕೆಲವು ವಾರ ನೆಲಕ್ಕೆ ಪೇಪರ್ ಟವೆಲ್ ಸಾಕು: ಹಿಕ್ಕೆ ಹೇಗಿದೆ ಎಂದು ಕಾಣುತ್ತದೆ, ಮರಳು ಹೊಟ್ಟೆಗೆ ಹೋಗುವ ಭಯವೂ ಇಲ್ಲ.

ಅಡ್ಡ ಹಲಗೆಗೆ ಅಕ್ರಿಲಿಕ್ ಹಾಳೆ ಒಳ್ಳೆಯದು. ಅಂಚಿನಲ್ಲಿ ಮರಿಯ ತಲೆ ತೂರುವಷ್ಟು ಸಂದು ಉಳಿಯಬಾರದು. ತಲೆ ತೂರಿದರೆ ಮೈ ಸಿಕ್ಕಿಕೊಳ್ಳುತ್ತದೆ. ದೀಪ ಹಲಗೆಯಿಂದ ದೂರದ ತುದಿಗೇ ಇರಲಿ, ಹಲಗೆಯ ಪಕ್ಕ ಬೇಡ. ಆಗ ಹಲಗೆಯ ಕಡೆ ತಂಪಾಗಿ ಉಳಿಯುತ್ತದೆ.

ಗೂಡು ದೊಡ್ಡದಿದೆ ಎಂದು ಎರಡು ಮರಿಗಳನ್ನು ಒಟ್ಟಿಗೆ ಬಿಡಬೇಡಿ. ಬಲವಾದದ್ದು ಬಿಸಿ ಜಾಗವನ್ನೂ ಊಟವನ್ನೂ ಹಿಡಿದುಕೊಳ್ಳುತ್ತದೆ, ಇನ್ನೊಂದರ ಬಾಲದ ತುದಿ ಕಚ್ಚಿಹಾಕಲೂಬಹುದು.

ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಏರುತ್ತಿದ್ದೂ ಮರಿ ಗಾಜನ್ನು ಕೆರೆಯುತ್ತ ಓಡಾಡಿದರೆ ಉಷ್ಣಾಂಶ ನೋಡಿ, ಗಾಜಿನಲ್ಲಿ ತನ್ನದೇ ಬಿಂಬ ಕಾಣುತ್ತಿದೆಯೇ ನೋಡಿ. ಎರಡೂ ಸರಿಯಿದ್ದರೆ ಹಲಗೆ ಸರಿಸುವ ಹೊತ್ತು ಬಂದಿದೆ. ತೂಕ ಎರಡು ವಾರ ಸತತ ಇಳಿದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ಹೊಸ ಗೂಡಿಗೆ ಸಾಗಿಸುವಾಗ ಹಳೆಯ ಅಡಗುತಾಣಗಳನ್ನು ತೊಳೆಯದೆ ಹಾಗೇ ಇಡಿ, ಮೂರ್ನಾಲ್ಕು ದಿನ ಮರಿಯನ್ನು ಕೈಯಲ್ಲಿ ಎತ್ತಬೇಡಿ.