ಹೀರೆ ಬೀಜಕ್ಕೆ ಬಿಡುವಾಗ ಬೆರಕೆ ಆಗದಿರಲು ಏನು ಮಾಡಬೇಕು?

ಶಿರಸಿ ಕಡೆ ಹಿತ್ತಲಲ್ಲಿ ಹೀರೆ ಚಪ್ಪರ ಹಾಕುವವರ ದೂರು ಒಂದೇ. 'ಹೋದ ವರ್ಷ ಒಳ್ಳೇ ಉದ್ದ ಕಾಯಿ ನೋಡಿಯೇ ಬೀಜಕ್ಕೆ ಬಿಟ್ಟಿದ್ದೆ, ಈ ವರ್ಷ ಗಿಡ್ಡ, ಮೇಲಿಂದ ಕಹಿ!' ಬೀಜ ಕೆಟ್ಟಿದ್ದಲ್ಲ, ಬೆರಕೆ ಆಗಿದ್ದು. ಕಾಯಿಯ ಸಿಪ್ಪೆ, ತಿರುಳು ಪೂರಾ ತಾಯಿ ಬಳ್ಳಿಯದ್ದು. ಒಳಗಿನ ಬೀಜದಲ್ಲಿ ಮಾತ್ರ ಅರ್ಧ ತಾಯಿಯ ಗುಣ, ಅರ್ಧ ಪರಾಗ ಕೊಟ್ಟ ಬಳ್ಳಿಯದ್ದು. ಬಸುರಿಯ ಹೊಟ್ಟೆ ನೋಡಿ ಮಗು ಯಾರ ಹಾಗೆ ಅಂತ ಹೇಳೋಕಾಗುತ್ತಾ? ಬೇಲಿಯ ಕಹಿ ಹೀರೆಯ ಪರಾಗ ಬಿದ್ದರೂ ಈ ಸಲದ ಕಾಯಿ ಚೆನ್ನಾಗಿಯೇ ಇರುತ್ತದೆ, ಗೊತ್ತಾಗುವುದು ಮುಂದಿನ ಮಳೆಗಾಲಕ್ಕೆ. ಒಂದೊಂದು ಬೀಜಕ್ಕೆ ಒಂದೊಂದು ಪರಾಗದ ಕಣ ಬೇಕು, ಹಾಗಾಗಿ ಒಂದೇ ಕಾಯಿಯ ಬೀಜಗಳಿಗೂ ಅಪ್ಪ ಬೇರೆ ಬೇರೆ ಇರಬಹುದು.

ಪ್ಯಾಕೆಟ್‌ನ ಹೈಬ್ರಿಡ್, ಅಂದರೆ ಎರಡು ತಳಿ ಬೆರೆಸಿ ಮಾಡಿದ ಬೀಜದ ಬಳ್ಳಿಯಿಂದ ಬೀಜ ಮಾಡಬೇಡಿ. ತಳಿಗುಣದ ಲೆಕ್ಕ ಹಿಡಿದ ವಿಜ್ಞಾನಿ ಮೆಂಡೆಲ್ ದುಂಡು ಬಟಾಣಿಗೆ ಸುಕ್ಕು ಬಟಾಣಿ ಬೆರೆಸಿದಾಗ ಮೊದಲ ತಲೆಮಾರು ಎಲ್ಲ ದುಂಡು. ಅದರ ಮುಂದಿನದರಲ್ಲಿ 5474 ದುಂಡು, 1850 ಸುಕ್ಕು! 1866ರಲ್ಲೇ ಅಚ್ಚಾದ ಲೆಕ್ಕ ಇದು. ಅಡಗಿದ್ದ ಗುಣ ಹಾಗೆ ಮತ್ತೆ ಹೊರಬರುತ್ತದೆ. ಊರ ತಳಿಯೇ ಆಗಬೇಕು.

ಮೊದಲು ಬಳ್ಳಿ ಆರಿಸಿ. ಒಂದು ದೊಡ್ಡ ಕಾಯಿ ನೋಡಿ ಮರುಳಾಗಬೇಡಿ, ಬಳ್ಳಿ ಪೂರಾ ನೋಡಿ: ರೋಗ ಇಲ್ಲದ್ದು, ಜಾಸ್ತಿ ಕಾಯಿ ಬಿಡುವುದು. ಒಂದಕ್ಕಿಂತ ಹೆಚ್ಚು ಬಳ್ಳಿ ಇದ್ದರೆ ಒಳ್ಳೆಯದು.

ಹೀರೆ ಹೂವು ಅರಳುವುದು ಸಂಜೆ, ಕೆಲಸ ಮುಗಿಸಿ ಬಂದವರಿಗೂ ಅನುಕೂಲ. ಅರಳುವ ಮುಂಚೆಯೇ ಹೋಗಿ, ಹಳದಿ ಕಾಣುತ್ತಿರುವ ಮೊಗ್ಗು ಹುಡುಕಿ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು. ಗೊಂಚಲಲ್ಲಿ ಬರುವುದು ಗಂಡು. ಎರಡರ ತುದಿಯನ್ನೂ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ, ಜೇನು, ಪತಂಗ ಒಳಗೆ ಹೋಗಬಾರದು ಅಷ್ಟೆ. ಸುತ್ತಲಿನ ಹೂವು ಅರಳಿದ ಮೇಲೆ ಕಟ್ಟಿದ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವಿನ ಮೂರು ಸೀಳಿನ ತುದಿಗೆ ಮೆಲ್ಲಗೆ ಸವರಿ. ಮತ್ತೆ ಎಸಳು ಮುಚ್ಚಿ ಕಟ್ಟಿ. ತೊಟ್ಟಿಗೊಂದು ಬಣ್ಣದ ದಾರ ಇರಲಿ, ಇಲ್ಲದಿದ್ದರೆ ಮನೆಯವರು ಯಾರಾದರೂ ಕೊಯ್ದು ಚಟ್ನಿ ಮಾಡಿಬಿಡುತ್ತಾರೆ!

ನೆಂದ ಪರಾಗ ಕೆಲಸಕ್ಕೆ ಬಾರದು. ಆಷಾಢದ ಜಡಿಮಳೆಯಲ್ಲಿ ಸುಮ್ನೆ ಒದ್ದಾಡಬೇಡಿ, ಹೊಳವಾದ ಸಂಜೆ ನೋಡಿ. ಅಂಕೋಲಾ, ಕಾರವಾರದ ಕಡೆ ಗದ್ದೆ ಕೊಯ್ಲಾದ ಮೇಲೆ ತರಕಾರಿ ಹಾಕುವವರಿಗೆ ಈ ತಾಪತ್ರಯವೇ ಇಲ್ಲ.

ಕಾಯಿ ಬಳ್ಳಿಯಲ್ಲೇ ಕಂದಾಗಿ ಒಣಗಲಿ, ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಆಮೇಲೆ ಬೀಜ ಉದುರಿಸಿ, ಜೊಳ್ಳು ಬಿಟ್ಟು, ನೆರಳಲ್ಲಿ ಒಣಗಿಸಿ, ಒಣ ಬೂದಿ ಬೆರೆಸಿ ಬಾಟಲಿಗೆ ತುಂಬಿ.

ಇಷ್ಟಾಗಿಯೂ ಮುಂದಿನ ಸಲ ಕಾಯಿ ಕಹಿ ಬಂತಾ? ಬೆಲ್ಲ ಹಾಕಿ ಸುಧಾರಿಸೋಣ ಅನ್ನಬೇಡಿ, ಕಹಿ ಹೀರೆ ತಿಂದರೆ ವಾಂತಿ, ಭೇದಿ ಆಗಬಹುದು. ಬಳ್ಳಿಯನ್ನೇ ಕಿತ್ತುಬಿಡಿ. ಬಿಟ್ಟರೆ ಅದರ ಗಂಡು ಹೂವು ಉಳಿದ ಬಳ್ಳಿಗಳಿಗೂ ಪರಾಗ ಕೊಡುತ್ತಲೇ ಇರುತ್ತದೆ.